ಮರದ ಬುಡಕ್ಕೆ ನಡೆದುಹೋಗುವ ಯಂತ್ರ

ಇಂಗ್ಲೆಂಡಿನ ಹಳೆಯ ಊರುಗಳಲ್ಲಿ, ಒಂದರ ಗೋಡೆಗೆ ಮತ್ತೊಂದು ಅಂಟಿಕೊಂಡು ಸಾಲಾಗಿ ನಿಂತ ಮನೆಗಳ ಹಿಂದೆ, ಬೀದಿಯಿಂದ ಕಣ್ಣಿಗೆ ಬೀಳದ ಉದ್ದನೆಯ ಕಿರುದೋಟಗಳಿರುತ್ತವೆ. ಆ ತೋಟಗಳ ಕೊನೆಯಲ್ಲಿ, ಯಾವ ಕಾಲದಲ್ಲಿ ಯಾರು ನೆಟ್ಟರೆಂಬುದನ್ನು ಈಗಿನ ಮನೆಯವರೂ ಅರಿಯದ ಆ್ಯಶ್ ಮರವೊಂದೋ, ಬೇಲಿಗೆಂದು ನೆಟ್ಟು ಕೈಮೀರಿ ಬೆಳೆದ ಲೇಲ್ಯಾಂಡಿ ಸೈಪ್ರೆಸ್ ಮರಗಳ ಸಾಲೋ ನಿಂತಿರುವುದುಂಟು. ಅಂತಹ ಮರವನ್ನು ಸವರಲು ಬಂದ ತಂಡದಲ್ಲಿ ನೋಡುವವರ ಕಣ್ಣೆಲ್ಲ ಹಗ್ಗದಲ್ಲಿ ತೂಗಾಡುತ್ತ ಗರಗಸ ಹಿಡಿದವನ ಮೇಲಿರುತ್ತದೆ. ಆದರೆ ಅವನು ಒಂದು ಗಂಟೆಯಲ್ಲಿ ಕೆಳಕ್ಕಿಳಿಸುವ ಸೊಪ್ಪುಸದೆಯನ್ನು, ಎರಡು ಮನೆಗಳ ನಡುವಣ ಮೂರಡಿಯ ಓಣಿಯಲ್ಲಿ, ಕಸದ ಡಬ್ಬಿಗಳನ್ನೂ ಮಳೆನೀರಿನ ಕೊಳವೆಯನ್ನೂ ಗಾಜಿನ ಮನೆಯನ್ನೂ ತಪ್ಪಿಸಿಕೊಂಡು, ಬೀದಿಯಲ್ಲಿ ನಿಂತ, ಕೊಂಬೆಗಳನ್ನು ಚಕ್ಕೆ ಮಾಡುವ ಚಿಪ್ಪರ್ ಯಂತ್ರದವರೆಗೆ ಎಳೆದೊಯ್ಯುವುದಕ್ಕೆ ಕೆಳಗಿನ ಇಬ್ಬರಿಗೆ ಮೂರು ಗಂಟೆ ಹಿಡಿಯುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮರ ಸವರಿದ ದಿನದ ಸಂಜೆಯಲ್ಲಿ ಬೆನ್ನು ಹಿಡಿದುಕೊಂಡು ಕೂರುವವನು ಮೇಲೆ ಹತ್ತಿದವನಲ್ಲ, ಕೆಳಗೆ ಎಳೆದವನು.

ಈ ಎಳೆದಾಟವನ್ನು ತಪ್ಪಿಸುವುದಕ್ಕೆಂದೇ ಹುಟ್ಟಿದುದು, ಗಾಲಿಗಳನ್ನು ಸುತ್ತುವರಿದು ಓಡುವ ರಬ್ಬರಿನ ಪಟ್ಟಿಗಳಾದ ಟ್ರ್ಯಾಕುಗಳ ಮೇಲೆ ತಾನೇ ನಡೆಯುವ ಸಣ್ಣ ಚಿಪ್ಪರ್. ಗಾಲಿಯ ಚಿಪ್ಪರನ್ನು ವಾಹನದ ಹಿಂದೆ ಕಟ್ಟಿ ರಸ್ತೆಯವರೆಗೆ ತರಬಹುದು, ಅಲ್ಲಿಂದ ಮುಂದೆ ಮರವೇ ಅದರ ಬಳಿಗೆ ಬರಬೇಕು. ಟ್ರ್ಯಾಕಿನ ಚಿಪ್ಪರಾದರೋ ಮರದ ಬುಡದವರೆಗೆ ತಾನೇ ಹೋಗುತ್ತದೆ. ಅದರ ಬೆಲೆಯೆಲ್ಲ ಅಡಗಿರುವುದು ಈ ಒಂದು ಗುಣದಲ್ಲಿ. ಆದುದರಿಂದ ಇದನ್ನು ಕೊಳ್ಳಲು, ಬಾಡಿಗೆಗೆ ತರಲು, ಅಥವಾ ತಮ್ಮ ತೋಟದ ಕೆಲಸಕ್ಕೆ ಕರೆಸಲು ಹೊರಟವರು ಮೊದಲು ಎಂಜಿನ್ನಿನ ಅಶ್ವಶಕ್ತಿಯನ್ನು ವಿಚಾರಿಸುವುದು ಕ್ರಮತಪ್ಪಿದ ವಿಚಾರಣೆ. ಮೊದಲು ವಿಚಾರಿಸತಕ್ಕದ್ದು ದಾರಿಯನ್ನು. ಬ್ರಿಟನ್ನಿನಲ್ಲಿ ಮನೆ ಮಾಡಿ, ಮನೆಯೊಂದಿಗೆ ಹಿತ್ತಿಲ ಮರಗಳ ಹೊಣೆಯನ್ನೂ ಹೊತ್ತ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅವರನ್ನೂ, ಈ ಕಸುಬನ್ನು ಕಲಿಯಲು ಬಯಸುವ ಯುವಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ನಾನು ಕಂಡದ್ದನ್ನೂ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರದ ಒಡಲು ಅರ್ಥವಾಗದೆ ಅದರ ಬಳಕೆ ಅರ್ಥವಾಗದು. ಆಲೆಮನೆಯಲ್ಲಿ ಕಬ್ಬಿನ ಗಾಣವನ್ನು ಕಂಡವರಿಗೆ ಇದರ ಅರ್ಧಭಾಗ ಆಗಲೇ ಪರಿಚಿತ. ಮುಂದೆ ಅಗಲವಾಗಿ ತೆರೆದ ತಗಡಿನ ಬಾಯಿ. ಅದರ ಒಳತುದಿಯಲ್ಲಿ ಹಲ್ಲುಗಳುಳ್ಳ ಎರಡು ರೋಲರುಗಳು, ಕೊಂಬೆಯ ತುದಿ ತಾಗಿದೊಡನೆ ಗಾಣವು ಜಲ್ಲೆಯನ್ನು ಸೆಳೆಯುವಂತೆ ಅದನ್ನು ಒಳಕ್ಕೆ ಸೆಳೆಯುತ್ತವೆ. ಅವುಗಳ ಹಿಂದೆ ಅಲಗುಗಳನ್ನು ಬಿಗಿದ ಭಾರವಾದ ಉಕ್ಕಿನ ಚಕ್ರವೋ ಉರುಳೆಯೋ ಅತಿವೇಗದಲ್ಲಿ ತಿರುಗುತ್ತಿದ್ದು, ಆನ್‌ವಿಲ್ ಎಂದು ಕರೆಯುವ ಅಲುಗಾಡದ ಉಕ್ಕಿನ ಪಟ್ಟಿಗೆ ಎದುರಾಗಿ ಕೊಂಬೆಯನ್ನು ಚಕ್ಕೆ ಚಕ್ಕೆಯಾಗಿ ಕತ್ತರಿಸಿ, ಆ ತಿರುಗುವಿಕೆಯ ಗಾಳಿಯ ಬಲದಿಂದಲೇ ಮೇಲಿನ ಕೊಳವೆಯ ಮೂಲಕ ಹೊರಕ್ಕೆ ಎಸೆಯುತ್ತದೆ. ದಪ್ಪನೆಯ ತುಂಡು ಬಂದು ಎಂಜಿನ್ನಿನ ವೇಗ ತಗ್ಗಿದಾಗ ರೋಲರುಗಳು ತಾವಾಗಿಯೇ ನಿಂತು, ಕೆಲವು ಮಾದರಿಗಳಲ್ಲಿ ಸ್ವಲ್ಪ ಹಿಮ್ಮುಖವಾಗಿಯೂ ತಿರುಗಿ, ಚಕ್ರವು ಮರಳಿ ವೇಗ ಗಳಿಸಿದ ಮೇಲೆ ಪುನಃ ಸೆಳೆಯತೊಡಗುತ್ತವೆ. ಈ ಏರ್ಪಾಡು ಎಂಜಿನ್ನನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ರೋಲರುಗಳು ನಿಂತವೆಂದು ಕೊಂಬೆಯನ್ನು ಸರಿಪಡಿಸಲು ಕೈಚಾಚುವವನಿಗೆ ಅವು ಮರುಕ್ಷಣದಲ್ಲಿ ಸುಳಿವು ಕೊಡದೆ ತಿರುಗತೊಡಗುವುವೆಂಬುದು ನೆನಪಿರಬೇಕು.

ಸಣ್ಣ ಚಿಪ್ಪರುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಆರು ಇಂಚಿನ ವರ್ಗ. ಆರು ಇಂಚೆಂದರೆ ರೋಲರುಗಳ ಬಾಯಿ 15 ಸೆಂಟಿಮೀಟರ್ ದಪ್ಪದ ತುಂಡನ್ನು ಒಳಗೊಳ್ಳುವುದೆಂದು ಅರ್ಥವೇ ಹೊರತು, ಅಂತಹ ತುಂಡುಗಳನ್ನೇ ದಿನವಿಡೀ ಅಗಿಯಬಲ್ಲುದೆಂದು ಅರ್ಥವಲ್ಲ. ಹಸಿಯಾದ ವಿಲೋ ಮರದ ಆರಂಗುಲದ ಕೊಂಬೆಯನ್ನು ಬೆಣ್ಣೆಯಂತೆ ಕತ್ತರಿಸುವ ಯಂತ್ರವು, ನಿಂತೇ ಒಣಗಿದ ಓಕ್ ಮರದ ನಾಲ್ಕಂಗುಲದ ತುಂಡಿಗೆ ಏದುಸಿರು ಬಿಡುತ್ತದೆ. ಮತ್ತೊಂದು, ದಪ್ಪಕ್ಕಿಂತ ಕವಲು ಹೆಚ್ಚು ತೊಡಕಿನದು: ಮೂರಂಗುಲದ ಎರಡು ಕವಲುಗಳು ಅಗಲವಾಗಿ ಚಾಚಿಕೊಂಡರೆ ಯಾವ ರೋಲರಿನಿಂದಲೂ ಅವನ್ನು ಮಡಿಸಿ ನುಂಗಲಾಗುವುದಿಲ್ಲ. ಮೇಲಿರುವವನು ಕೊಂಬೆಯನ್ನು ಬಿಡುವ ಮುನ್ನವೇ, ಇಲ್ಲವೆ ಕೆಳಗಿನವನು ಎತ್ತುವ ಮುನ್ನ, ಕವಲಿನ ಸಂದಿಗೆ ಗರಗಸದ ಒಂದು ಏಟು ಕೊಟ್ಟರೆ ಉಳಿಯುವ ಕಾಲ ಬಹಳ. ನಾಲ್ಕೈದು ಅಂಗುಲ ಮೀರಿದ ನೇರವಾದ ತುಂಡುಗಳನ್ನು ಚಿಪ್ಪರಿಗೆ ಕೊಡುವುದಕ್ಕಿಂತ ಸೌದೆಯಾಗಿ ಬೇರೆ ಒಟ್ಟುವುದು ಲೇಸೆಂಬುದು ನನ್ನ ಅಭಿಪ್ರಾಯ. ಅಲಗೂ ಉಳಿಯುತ್ತದೆ, ಮನೆಯವರ ಒಲೆಗೂ ಆಗುತ್ತದೆ.

ಇನ್ನು ಟ್ರ್ಯಾಕಿನ ವಿಚಾರ. ಈ ವರ್ಗದ ಯಂತ್ರಗಳು ಸಾಮಾನ್ಯವಾಗಿ 700ರಿಂದ 1,300 ಕಿಲೋಗ್ರಾಂವರೆಗೆ ತೂಗುತ್ತವೆ. ಇಷ್ಟು ಭಾರದ ವಸ್ತು ಹುಲ್ಲುಹಾಸಿನ ಮೇಲೆ ಹೋಗುವುದೆಂದರೆ ಮನೆಯೊಡೆಯನಿಗೆ ಎದೆ ನಡುಗುವುದು ಸಹಜವಾದರೂ, ಲೆಕ್ಕ ಹಾಕಿದರೆ ಭಯ ಕಡಿಮೆಯಾಗುತ್ತದೆ. 1,000 ಕಿಲೋಗ್ರಾಂ ತೂಕದ ಯಂತ್ರವೊಂದು ತಲಾ 18 ಸೆಂಟಿಮೀಟರ್ ಅಗಲದ ಎರಡು ಟ್ರ್ಯಾಕುಗಳ ಮೇಲೆ, ಒಂದೊಂದೂ ಒಂದು ಮೀಟರಿನಷ್ಟು ನೆಲವನ್ನು ತಾಗುವಂತೆ ನಿಂತಿದೆಯೆಂದುಕೊಂಡರೆ, ಆ ಭಾರವು 3,600 ಚದರ ಸೆಂಟಿಮೀಟರಿಗೆ ಹಂಚಿಹೋಗಿ, ಚದರ ಸೆಂಟಿಮೀಟರಿಗೆ ಸುಮಾರು 0.28 ಕಿಲೋಗ್ರಾಂ ಬೀಳುತ್ತದೆ; 70 ಕಿಲೋಗ್ರಾಂ ತೂಕದ ಮನುಷ್ಯ ನಡೆಯುವಾಗ ಒಂದೇ ಪಾದದ ಮೇಲೆ ನಿಂತ ಗಳಿಗೆಯಲ್ಲಿ ನೆಲಕ್ಕೆ ಕೊಡುವ ಒತ್ತಡವೂ ಹೆಚ್ಚುಕಡಮೆ ಇಷ್ಟೇ. ನೇರವಾಗಿ ನಡೆಯುವ ಟ್ರ್ಯಾಕು ಹುಲ್ಲನ್ನು ಕೆಡಿಸುವುದಿಲ್ಲ. ಕೆಡಿಸುವುದು ತಿರುಗುವಾಗ: ಒಂದು ಟ್ರ್ಯಾಕನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಓಡಿಸಿ ನಿಂತಲ್ಲೇ ತಿರುಗಬಲ್ಲ ಸಾಮರ್ಥ್ಯ ಇದಕ್ಕಿರುವುದು ಇಕ್ಕಟ್ಟಿನ ಅಂಗಳದಲ್ಲಿ ದೊಡ್ಡ ವರವಾದರೂ, ಹಾಗೆ ತಿರುಗಿದ ಕಡೆಯಲ್ಲೆಲ್ಲ ರಬ್ಬರಿನ ಹಲ್ಲುಗಳು ಹುಲ್ಲನ್ನು ಬೇರುಸಹಿತ ತಿರುಚಿ ಕಿತ್ತುಹಾಕುತ್ತವೆ. ವಿಶಾಲವಾದ ಬಾಗುವಿಕೆಯಲ್ಲಿ ನಿಧಾನವಾಗಿ ತಿರುಗಿಸುವುದು, ತಿರುಗಲೇಬೇಕಾದ ಸ್ಥಳದಲ್ಲಿ ಪ್ಲೈವುಡ್ ಹಲಗೆಗಳನ್ನು ಹಾಸುವುದು, ಮಳೆ ಹೊಯ್ದು ನೆಲ ನೆನೆದ ದಿನ ಹೋದ ದಾರಿಯಲ್ಲೇ ಹಿಂದಿರುಗುವುದು—ಇವು ತಂಡದವರಿಗೆ ಒಳ್ಳೆಯ ಹೆಸರು ತರುವ ಸಣ್ಣ ಅಭ್ಯಾಸಗಳು.

ಹುಲ್ಲು ಮತ್ತೆ ಚಿಗುರುತ್ತದೆ. ಬೇರಿನ ಸುತ್ತಣ ಮಣ್ಣು ಒಮ್ಮೆ ಗಟ್ಟಿಯಾದರೆ ಹಾಗೆ ಮೃದುವಾಗುವುದಿಲ್ಲ. ಉಳಿಸಿಕೊಳ್ಳುವ ಮರದ ಬಳಿ ಯಂತ್ರವನ್ನು ನಿಲ್ಲಿಸಿ ನಾಲ್ಕು ಗಂಟೆ ಅದುರಿಸುವುದು ಮರಕ್ಕೆ ಹಿತವಲ್ಲ. ಕಟ್ಟಡದ ಕೆಲಸದ ವೇಳೆ ಮರಗಳನ್ನು ರಕ್ಷಿಸಲು ಬ್ರಿಟನ್ನಿನಲ್ಲಿ ಅನುಸರಿಸುವ 2012ರ ಮಾನಕವು, ಕಾಂಡದ ವ್ಯಾಸದ ಹನ್ನೆರಡು ಪಟ್ಟು ತ್ರಿಜ್ಯದ ವೃತ್ತವನ್ನು ಬೇರುಗಳ ರಕ್ಷಿತ ನೆಲವೆಂದು ಎಣಿಸುತ್ತದೆ. 40 ಸೆಂಟಿಮೀಟರ್ ವ್ಯಾಸದ ಕಾಂಡವಾದರೆ ಸುತ್ತಲೂ 4.8 ಮೀಟರ್. ಮರ ಸವರುವ ಕೆಲಸಕ್ಕೆ ಆ ಮಾನಕ ಕಟ್ಟುಪಾಡಲ್ಲವಾದರೂ, ಸಾಧ್ಯವಾದ ಮಟ್ಟಿಗೆ ಆ ವೃತ್ತದ ಅಂಚಿನಲ್ಲೇ ಯಂತ್ರವನ್ನು ನಿಲ್ಲಿಸುವವನು ಮರದ ಮೇಲೆ ನಿಜವಾದ ಮಮತೆಯುಳ್ಳವನು.

ಕಿರಿದಾದ ಗೇಟಿನಲ್ಲಿ ನುಸುಳಬೇಕಾದರೆ ಯಂತ್ರ ಕಿರಿದಾಗಿರಬೇಕು. ಕಿರಿದಾದ ಯಂತ್ರ ಎತ್ತರವಾಗಿಯೂ ಇದ್ದರೆ ಸುಲಭವಾಗಿ ಮಗುಚುತ್ತದೆ. ಒಂದು ಟನ್ನಿನ ಭಾರವನ್ನು ಮೂರಡಿಯ ಅಗಲದಲ್ಲಿ ಎತ್ತಿಹಿಡಿದು ಓರೆಯಾದ ನೆಲದಲ್ಲಿ ನಡೆಸುವುದೆಂದರೆ ಎತ್ತರದ ಹುಲ್ಲಿನ ಬಂಡಿಯನ್ನು ಗದ್ದೆಯ ಬದುವಿನಲ್ಲಿ ಹೊಡೆದಂತೆ. ಇದಕ್ಕೆ ಪರಿಹಾರವಾಗಿ ಹಲವು ತಯಾರಕರು ಟ್ರ್ಯಾಕುಗಳ ಅಂತರವನ್ನು ಹೈಡ್ರಾಲಿಕ್ ಒತ್ತಡದಿಂದ ಹೆಚ್ಚಿಸುವ ಏರ್ಪಾಡನ್ನು ಮಾಡಿದ್ದಾರೆ: ಗೇಟು ದಾಟುವಾಗ ಟ್ರ್ಯಾಕುಗಳನ್ನು ಒಳಕ್ಕೆ ಎಳೆದುಕೊಂಡು, ದಾಟಿದ ಮೇಲೆ ಅಗಲವಾಗಿ ಚಾಚಿ ನಿಲ್ಲುತ್ತದೆ. ಗ್ರೀನ್‌ಮೆಕ್ ಎಂಬ ಇಂಗ್ಲಿಷ್ ತಯಾರಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆಲ ಓರೆಯಾದಂತೆಲ್ಲ ಯಂತ್ರದ ಮೈ ತಾನಾಗಿ ಮಟ್ಟವಾಗುವ ಟ್ರ್ಯಾಕನ್ನು ರೂಪಿಸಿದರು. ಇಳಿಜಾರು ನೆಲದಲ್ಲಿ ಪದೇ ಪದೇ ಕೆಲಸವುಳ್ಳವರು ಹೆಚ್ಚು ಹಣ ತೆತ್ತಾದರೂ ಈ ಎರಡರಲ್ಲಿ ಒಂದನ್ನು ಹೊಂದುವುದು ಯುಕ್ತ. ಮಟ್ಟವಾದ ಹಿತ್ತಿಲುಗಳಲ್ಲೇ ದುಡಿಯುವವರಿಗೆ ಇದರ ಅಗತ್ಯ ಇಲ್ಲ.

ಇಳಿಜಾರಿನ ವಿಷಯದಲ್ಲಿ ನಾನು ಕಂಡ ಒಂದು ಘಟನೆಯನ್ನು ಹೇಳಬೇಕು. ವೇಲ್ಸಿನ ಕಣಿವೆಯೊಂದರಲ್ಲಿ, ಚಳಿಗಾಲದ ಬೆಳಗ್ಗೆ, ಒಣಗಿ ಬಿದ್ದ ಬ್ರ್ಯಾಕನ್ ಜರಿಗಿಡಗಳ ಮೇಲೆ ಮಂಜಿನ ನೀರು ಇನ್ನೂ ಆರಿರಲಿಲ್ಲ. ಹತ್ತಿರದ ದಾರಿಯೆಂದು ತಂಡದವರು ಚಿಪ್ಪರನ್ನು ಗುಡ್ಡದ ಓರೆಗೆ ಅಡ್ಡಲಾಗಿ ನಡೆಸಿದರು. ಯಂತ್ರ ಮಗುಚಲಿಲ್ಲ, ಅದಕ್ಕಿಂತ ನಿಧಾನವಾದ, ಆದುದರಿಂದಲೇ ಹೆಚ್ಚು ಭಯಂಕರವಾದ ರೀತಿಯಲ್ಲಿ, ಟ್ರ್ಯಾಕುಗಳು ಮುಂದಕ್ಕೆ ತಿರುಗುತ್ತಿದ್ದಂತೆಯೇ ಇಡೀ ಯಂತ್ರ ಪಕ್ಕಕ್ಕೆ ಜಾರುತ್ತ ಜಾರುತ್ತ ಹತ್ತು ಮಾರು ಕೆಳಗಿನ ಬೇಲಿಗೆ ಹೋಗಿ ನಿಂತಿತು. ನಡೆಸುತ್ತಿದ್ದವನು ಮೇಲ್ಬದಿಯಲ್ಲಿದ್ದುದರಿಂದ ಅವನ ಕಾಲು ಉಳಿಯಿತು. ಏರನ್ನು ನೇರವಾಗಿ ಹತ್ತಬೇಕು, ನೇರವಾಗಿ ಇಳಿಯಬೇಕು. ಅಡ್ಡ ಹೋಗುವುದು ಅನಿವಾರ್ಯವಾದರೆ ಟ್ರ್ಯಾಕುಗಳನ್ನು ಪೂರ್ತಿ ಅಗಲಿಸಿ, ಅಗಲವಾದ ಬಾಯಿಯ ತಗಡನ್ನು ಮಡಿಸಿ, ಚಕ್ಕೆಯ ಕೊಳವೆಯನ್ನು ಯಂತ್ರದ ನೇರಕ್ಕೆ ತಿರುಗಿಸಿಕೊಂಡು ಹೋಗಬೇಕು. ಯಂತ್ರದ ಭಾರದ ತುದಿ ಯಾವಾಗಲೂ ಮೇಲ್ಮುಖವಾಗಿರಲಿ. ನಡೆಸುವವನು ಎಂದಿಗೂ ಯಂತ್ರದ ಕೆಳಬದಿಯಲ್ಲಿ ನಿಲ್ಲಬಾರದು. ಎಷ್ಟು ಡಿಗ್ರಿಯ ಓರೆಯನ್ನು ಯಂತ್ರ ತಾಳುವುದೆಂಬುದನ್ನು ತಯಾರಕರ ಪುಸ್ತಕ ಹೇಳುತ್ತದೆ, ಆದರೆ ಅದು ಒಣನೆಲದ ಮಾತು. ತರಗೆಲೆಯೂ ಹಾವಸೆಯೂ ಹಿಮವೂ ಮುಚ್ಚಿದ ನೆಲಕ್ಕೆ ಆ ಅಂಕೆ ಸಲ್ಲದು. ಟ್ರ್ಯಾಕು ಸಡಿಲವಾಗಿದ್ದರೆ ಓರೆಯಲ್ಲಿ ತಿರುಗುವಾಗಲೇ ಅದು ಗಾಲಿಯಿಂದ ಕಳಚಿಕೊಳ್ಳುವುದು ರೂಢಿ, ಆದುದರಿಂದ ಇಳಿಜಾರಿಗೆ ಹೊರಡುವ ಬೆಳಗ್ಗೆ ಅದರ ಬಿಗಿಯನ್ನು ಪರೀಕ್ಷಿಸುವುದು ತಪ್ಪಬಾರದು.

ಆ್ಯಶ್ ಮರಗಳ ರೋಗವು ಇಂತಹ ಗುಡ್ಡದ ಕೆಲಸವನ್ನು ಹೆಚ್ಚಿಸಿದೆ. ಹೈಮೆನೊಸೈಫಸ್ ಫ್ರ್ಯಾಕ್ಸಿನಿಯಸ್ ಎಂಬ ಶಿಲೀಂಧ್ರದಿಂದ ಬರುವ ಈ ರೋಗ ಬ್ರಿಟನ್ನಿನಲ್ಲಿ 2012ರಲ್ಲಿ ದೃಢಪಟ್ಟಿತು. ಅಲ್ಲಿನ ಆ್ಯಶ್ ಮರಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಇದಕ್ಕೆ ಬಲಿಯಾಗಬಹುದೆಂದು ಅಂದಾಜಿದೆ. ರೋಗ ಹಿಡಿದ ಆ್ಯಶ್ ಮರದ ಕೊಂಬೆ ಬಾಗದೆ ಗಾಜಿನಂತೆ ಮುರಿಯುವುದರಿಂದ, ಹಗ್ಗ ಕಟ್ಟಿ ಹತ್ತುವುದು ಪ್ರಾಣಾಪಾಯದ ಕೆಲಸ. ಮರವನ್ನು ದೂರದಿಂದಲೇ ಉರುಳಿಸಿ, ಬಿದ್ದಲ್ಲಿ ಚೂರಾದ ತಲೆಯ ಸೊಪ್ಪುಸದೆಯನ್ನು ಅಲ್ಲೇ ವಿಲೇವಾರಿ ಮಾಡಬೇಕಾಗುತ್ತದೆ. ಕಾಲುದಾರಿಯ ಬದಿಯಲ್ಲಿ, ಹಳ್ಳದ ದಂಡೆಯಲ್ಲಿ, ವಾಹನ ಸೇರದ ಕಾಡಿನಂಚಿನಲ್ಲಿ ಟ್ರ್ಯಾಕಿನ ಚಿಪ್ಪರಿಗೆ ಸಮನಾದ ನೆರವು ಮತ್ತೊಂದಿಲ್ಲ. ಆದರೂ ಒಂದು ಮಾತು: ಕಾಡಿನ ಒಳಗೆ, ಯಾರ ದಾರಿಗೂ ಅಡ್ಡಿಯಾಗದೆ ಬಿದ್ದ ರೆಂಬೆಗಳನ್ನು ರಾಶಿ ಮಾಡಿ ಬಿಟ್ಟರೆ ಅದು ಮುಳ್ಳುಹಂದಿಯಂತಹ ಮೈಯ ಪುಟ್ಟ ಹೆಜ್‌ಹಾಗ್‌ಗೂ, ಹುಳುಹುಪ್ಪಟೆಗೂ, ರೆನ್ ಹಕ್ಕಿಗೂ ಮನೆಯಾಗುತ್ತದೆ. ಎಲ್ಲವನ್ನೂ ಚಕ್ಕೆ ಮಾಡಲೇಬೇಕೆಂಬ ಹಟ ಬೇಡ.

ಯಂತ್ರವನ್ನು ಆರಿಸುವಾಗ ಪೆಟ್ರೋಲೋ ಡೀಸೆಲ್ಲೋ ಎಂಬ ಪ್ರಶ್ನೆ ಬರುತ್ತದೆ. ಯೂರೋಪಿನಲ್ಲಿ 2019ರಿಂದ ಜಾರಿಗೆ ಬಂದ ಐದನೆಯ ಹಂತದ ಹೊಗೆ ನಿಯಮಗಳು 19 ಕಿಲೋವ್ಯಾಟ್, ಎಂದರೆ ಸುಮಾರು 25 ಅಶ್ವಶಕ್ತಿಗೆ ಮೇಲ್ಪಟ್ಟ ಡೀಸೆಲ್ ಎಂಜಿನ್ನುಗಳಿಗೆ ಮಸಿ ಸೋಸುವ ಫಿಲ್ಟರನ್ನು ಅಗತ್ಯವಾಗಿಸಿದುವು. ಆ ಫಿಲ್ಟರು ಬಿಸಿಯೇರಿ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು; ಹತ್ತು ನಿಮಿಷ ದುಡಿದು ಅರ್ಧಗಂಟೆ ಸುಮ್ಮನೆ ಗುನುಗುವ ಚಿಪ್ಪರಿನಲ್ಲಿ ಅದು ಸುಲಭವಾಗಿ ಕಟ್ಟಿಕೊಳ್ಳುತ್ತದೆ. ಈ ಕಾರಣದಿಂದಲೇ ಪೆಟ್ರೋಲಿನ ಚಿಪ್ಪರುಗಳು ಮತ್ತೆ ಬಂದವು: ತೂಕ ಕಡಿಮೆ, ಶಬ್ದ ಸ್ವಲ್ಪ ಕಡಿಮೆ, ಆದರೆ ಇಂಧನದ ದಾಹ ಹೆಚ್ಚು. ಹಿತ್ತಿಲ ಕೆಲಸಕ್ಕೆ ಪೆಟ್ರೋಲ್, ದಿನವಿಡೀ ಬಿಡುವಿಲ್ಲದ ಕಾಡಿನ ಕೆಲಸಕ್ಕೆ ಡೀಸೆಲ್ ಎಂಬುದು ನನ್ನ ತೀರ್ಮಾನ.

ಸಾಗಾಣಿಕೆಯ ಖರ್ಚನ್ನು ಹೊಸಬರು ಮರೆಯುವುದುಂಟು. ಗಾಲಿಯ ಸಣ್ಣ ಚಿಪ್ಪರುಗಳಲ್ಲಿ ಹಲವನ್ನು 750 ಕಿಲೋಗ್ರಾಂ ಒಳಗೇ ನಿಲ್ಲುವಂತೆ ಮಾಡಿರುವುದಕ್ಕೆ ಕಾರಣ, ಬ್ರಿಟನ್ನಿನ ರಸ್ತೆಗಳಲ್ಲಿ ಅದನ್ನು ಮೀರಿದ ಟ್ರೇಲರಿಗೆ ತನ್ನದೇ ಬ್ರೇಕು ಇರಬೇಕೆಂಬ ಕಟ್ಟಳೆ. ಟ್ರ್ಯಾಕಿನ ಯಂತ್ರ ರಸ್ತೆಯಲ್ಲಿ ಓಡುವಂತಹುದಲ್ಲ. ನಡಿಗೆಯ ವೇಗವೇ ಅದರ ಮಿತಿ, ಡಾಂಬರು ಅದರ ರಬ್ಬರನ್ನು ಬೇಗ ಸವೆಸುತ್ತದೆ. ಆದುದರಿಂದ ಅದಕ್ಕೊಂದು ಬ್ರೇಕುಳ್ಳ ಟ್ರೇಲರು, ಅದನ್ನೆಳೆಯುವ ಬಲವಾದ ವಾಹನ ಬೇಕೇ ಬೇಕು. 1997ರಿಂದೀಚೆಗೆ ಕಾರಿನ ಪರವಾನಗಿ ಪಡೆದವರು ಇಂತಹ ಭಾರದ ಟ್ರೇಲರಿಗಾಗಿ ಬೇರೊಂದು ಪರೀಕ್ಷೆ ಕೊಡಬೇಕಾಗಿದ್ದುದು 2021ರ ಡಿಸೆಂಬರಿನಲ್ಲಿ ತಪ್ಪಿತು. ಈಗ 3,500 ಕಿಲೋಗ್ರಾಂವರೆಗಿನ ಟ್ರೇಲರನ್ನು ಎಳೆಯಲು ಆ ಪರವಾನಗಿಯೇ ಸಾಕು, ವಾಹನದ ಸಾಮರ್ಥ್ಯದ ಮಿತಿಯಂತೂ ಇದ್ದೇ ಇದೆ. ಟ್ರೇಲರಿನ ಹಲಗೆಗಳ ಮೇಲೆ ಹತ್ತಿಸುವ ಎರಡು ನಿಮಿಷ ಬಹಳ ಎಚ್ಚರದವು: ಟ್ರೇಲರು ವಾಹನಕ್ಕೆ ಸಿಕ್ಕಿಸಿಕೊಂಡೇ ಇರಬೇಕು, ಅದರ ಹಿಂಗಾಲುಗಳನ್ನು ನೆಲಕ್ಕೆ ಊರಿರಬೇಕು, ಹಲಗೆಗಳ ಮೇಲೆ ಕೆಸರಿರಬಾರದು, ಪಕ್ಕದಲ್ಲೂ ಹಿಂದೆಯೂ ಯಾರೂ ನಿಲ್ಲಬಾರದು. ಹತ್ತಿಸಿದ ಮೇಲೆ ನಾಲ್ಕು ಮೂಲೆಗೂ ಬಿಗಿದು ಕಟ್ಟಿ, ಒಂದು ಮೈಲಿ ಹೋದ ಮೇಲೆ ಇಳಿದು ಮತ್ತೊಮ್ಮೆ ಬಿಗಿ ನೋಡುವುದು ಹಿರಿಯರ ಪದ್ಧತಿ.

ಈಗ, ಎಲ್ಲಕ್ಕಿಂತ ಮುಖ್ಯವಾದ, ಯಂತ್ರದ ಬಾಯಿಗೆ ಕೊಂಬೆಯನ್ನು ಕೊಡುವ ವಿಚಾರ. ಕೊಂಬೆಯ ಬುಡವನ್ನು ಮೊದಲು ಕೊಡಬೇಕು. ತುದಿಯನ್ನು ಮೊದಲು ಕೊಟ್ಟರೆ ರೆಂಬೆಗಳೆಲ್ಲ ಕೊಡೆಯಂತೆ ಅರಳಿ ಬಾಯಿಯನ್ನು ಮುಚ್ಚುತ್ತವೆ. ಕೊಡುವವನು ಬಾಯಿಯ ಎದುರಿಗೆ ನಿಲ್ಲದೆ ಪಕ್ಕದಲ್ಲಿ ನಿಂತು, ರೋಲರು ಹಿಡಿಯಿತೆಂದು ತಿಳಿದೊಡನೆ ಕೈಬಿಟ್ಟು, ಬಾಯಿಗೆ ಬೆನ್ನು ಮಾಡಿ ಹೊರಮುಖವಾಗಿ ತಿರುಗಿಹೋಗಬೇಕು. ಉದ್ದನೆಯ ಕೊಂಬೆ ಒಳಸೇರುವಾಗ ಅದರ ಬಾಲ ಚಾವಟಿಯಂತೆ ಬೀಸಿ ಮುಖಕ್ಕೋ ಮೊಣಕಾಲಿಗೋ ಹೊಡೆಯುವುದರಿಂದ ಪಕ್ಕದಲ್ಲೂ ಒಂದಿಷ್ಟು ದೂರವಿರಬೇಕು. ಗಿಡ್ಡ ತುಂಡುಗಳನ್ನೂ ಗುಡಿಸಿದ ಕಡ್ಡಿಗಳನ್ನೂ ಕೈಯಿಂದ ತಳ್ಳುವುದು ಸರ್ವಥಾ ಕೂಡದು. ಅವನ್ನು ತಗಡಿನ ಅಂಚಿನಲ್ಲಿಟ್ಟು ಮುಂದಿನ ಉದ್ದ ಕೊಂಬೆಯೊಂದಿಗೆ ಕಳಿಸಬೇಕು, ಇಲ್ಲವೆ ಮರದ ತಳ್ಳುಕೋಲನ್ನು ಬಳಸಬೇಕು. ಕೋಲು ಮರದ್ದೇ ಆಗಿರಬೇಕು, ಏಕೆಂದರೆ ಅದು ಒಳಗೆ ಹೋದರೆ ಚಕ್ಕೆಯಾಗುವುದಷ್ಟೇ. ಕಬ್ಬಿಣದ ಸಲಾಕಿ ಹೋದರೆ ಅಲಗುಗಳು ಸಿಡಿಯುತ್ತವೆ. ನಮ್ಮೂರಿನ ಗಾಣಗಳಲ್ಲಿ ಕಬ್ಬು ಕೊಡುತ್ತಿದ್ದವರ ಬೆರಳುಗಳು ಹೋದ ಕಥೆಯನ್ನು ಕೇಳದ ರೈತಕುಟುಂಬವಿಲ್ಲ. ಆದರೆ ಗಾಣವು ಎತ್ತು ನಿಂತರೆ ನಿಲ್ಲುತ್ತಿತ್ತು, ಬೆರಳಿಗೆ ಮುಗಿಯುತ್ತಿತ್ತು. ಇಲ್ಲಿ ಸೆಳೆತಕ್ಕೆ ಸಿಕ್ಕವನಿಗೆ ಯೋಚಿಸುವ ಅವಕಾಶವೇ ಇಲ್ಲ.

ಆದುದರಿಂದ ಉಡುಪಿನ ನಿಯಮ ಕಟ್ಟುನಿಟ್ಟಾದುದು. ತಲೆಗೆ ಹೆಲ್ಮೆಟ್, ಕಣ್ಣಿಗೆ ಜಾಲರಿಯೋ ಕನ್ನಡಕವೋ, ಗಟ್ಟಿಯಾದ ಬೂಟು, ಮೈಗಂಟಿದ ಬಟ್ಟೆ, ಮಣಿಕಟ್ಟಿನಲ್ಲಿ ಬಿಗಿಯಾಗಿ ಕೂರುವ ಗ್ಲೌಸು. ಅಗಲವಾದ ತೋಳುತುದಿಯ ಗ್ಲೌಸನ್ನು ರೆಂಬೆಯೊಂದು ಕೊಕ್ಕೆಯಂತೆ ಹಿಡಿದೆಳೆಯುತ್ತದೆ. ಮರ ಹತ್ತುವ ಪಟ್ಟಾಕೊಂಡಿಗಳನ್ನು ಸೊಂಟದಲ್ಲಿ ಧರಿಸಿಕೊಂಡೇ ಚಿಪ್ಪರಿನ ಮುಂದೆ ಬರಬಾರದು. ಕಿವಿಯ ರಕ್ಷಣೆಯನ್ನು ಸೆಕೆಯಾಗುತ್ತದೆಂದು ತೆಗೆದಿಡುವವರನ್ನು ಕಂಡಿದ್ದೇನೆ. ಬ್ರಿಟನ್ನಿನ 2005ರ ಶಬ್ದ ನಿಯಮಗಳು 85 ಡೆಸಿಬೆಲ್ ಮುಟ್ಟಿದೊಡನೆ ಕಿವಿಯ ರಕ್ಷಣೆಯನ್ನು ಕಡ್ಡಾಯಗೊಳಿಸುತ್ತವೆ, ದುಡಿಯುತ್ತಿರುವ ಚಿಪ್ಪರಿನ ಸದ್ದು ಅದಕ್ಕಿಂತ ಬಹಳ ಮೇಲಿನದು, ಹೋದ ಶ್ರವಣ ಮರಳಿ ಬರುವಂತಹುದಲ್ಲ. ಯಂತ್ರ ನಡೆಯುವಾಗ ಅದನ್ನು ನಿಲ್ಲಿಸಲು ಬಲ್ಲ ಇಬ್ಬರಾದರೂ ಸ್ಥಳದಲ್ಲಿರಬೇಕು. ಒಂಟಿಯಾಗಿ ಚಿಪ್ಪರ್ ನಡೆಸುವುದು ಎಷ್ಟು ಸಣ್ಣ ಕೆಲಸವಾದರೂ ತಪ್ಪು.

ಟ್ರ್ಯಾಕಿನ ಚಿಪ್ಪರಿಗೆ ವಿಶೇಷವಾಗಿ ಅಂಟಿಕೊಂಡ ಅಪಾಯವೊಂದಿದೆ. ಅದು ಹುಟ್ಟುವುದು ಅದರ ಸದ್ಗುಣದಿಂದಲೇ. ಯಂತ್ರ ಬೀದಿಯಲ್ಲಿದ್ದಾಗ ಮರ ಹತ್ತಿದವನ ಹಗ್ಗಕ್ಕೂ ಅದಕ್ಕೂ ದೂರವಿತ್ತು. ಈಗ ಯಂತ್ರ ಮರದ ಬುಡಕ್ಕೇ ಬಂದಿದೆ. ಕಾಂಡದ ಸುತ್ತ ಸೊಪ್ಪಿನ ರಾಶಿ, ಆ ರಾಶಿಯೊಳಗೆ ಎಲ್ಲೋ ಮೇಲಿನವನ ಹಗ್ಗದ ಇಳಿಬಿಟ್ಟ ತುದಿ. ಕೆಳಗಿನವನು ರಾಶಿಯಿಂದ ಒಂದು ತೆಕ್ಕೆ ಎತ್ತಿ ಬಾಯಿಗೆ ಕೊಡುವಾಗ ಅದರೊಂದಿಗೆ ಹಗ್ಗವೂ ಹೋದರೆ, ರೋಲರುಗಳು ಹಗ್ಗವನ್ನೂ ಕೊಂಬೆಯಂತೆಯೇ ಸೆಳೆಯುತ್ತವೆ; ಅದರ ಇನ್ನೊಂದು ತುದಿಯಲ್ಲಿರುವುದು ಮನುಷ್ಯ. ಆದುದರಿಂದ ಎಷ್ಟೇ ಅನುಕೂಲವೆನಿಸಿದರೂ ಚಿಪ್ಪರನ್ನು ಹಗ್ಗದ ತುದಿ ತಲಪದಷ್ಟು ದೂರದಲ್ಲೇ ನಿಲ್ಲಿಸಬೇಕು. ಹಗ್ಗದ ಕೊನೆಯನ್ನು ಚೀಲದಲ್ಲಿ ತುಂಬಿ ರಾಶಿಯಿಂದ ದೂರವಿಡಬೇಕು. ಮರದಲ್ಲಿ ಆಳಿರುವಾಗ ರಾಶಿಯಿಂದ ಒಂದೊಂದೇ ಕೊಂಬೆಯನ್ನು, ನೋಡಿ, ಎತ್ತಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಹತ್ತಿದವನು ಇಳಿದು ಬಂದ ಮೇಲೆಯೇ ಚಿಪ್ಪರನ್ನು ಚಾಲೂ ಮಾಡುವ ತಂಡವನ್ನು ಕಂಡರೆ ನನಗೆ ಗೌರವ ಹುಟ್ಟುತ್ತದೆ. ಅದರಿಂದ ತಡವಾಗುವುದು ಬಹಳವಿಲ್ಲ. ಎಳೆದಾಟವನ್ನು ಯಂತ್ರ ಆಗಲೇ ತಪ್ಪಿಸಿದೆಯಷ್ಟೆ.

ಬಾಯಿ ಕಟ್ಟಿಕೊಂಡಾಗ ಮಾಡಬೇಕಾದುದು ಎಂಜಿನ್ ನಿಲ್ಲಿಸಿ, ಬೀಗದ ಕೈಯನ್ನು ತೆಗೆದು, ತೆಗೆದವನೇ ತನ್ನ ಜೇಬಿನಲ್ಲಿಟ್ಟುಕೊಳ್ಳುವುದು. ಎಂಜಿನ್ ನಿಂತರೂ ಭಾರದ ಚಕ್ರ ತನ್ನ ವೇಗದಿಂದ ಇನ್ನೂ ತಿರುಗುತ್ತಿರುತ್ತದೆ, ಶಬ್ದವಿಲ್ಲದೆ ತಿರುಗುವುದರಿಂದ ನಿಂತಂತೆ ತೋರುತ್ತದೆ. ಅದು ಪೂರ್ತಿ ನಿಂತ ಮೇಲೆ ಮಾತ್ರ ಮುಚ್ಚಳ ತೆರೆದು, ಚಕ್ರವನ್ನು ತಡೆಯುವ ಪಿನ್ನನ್ನು ಸೇರಿಸಿ ಕೈಹಾಕಬೇಕು. ಅಲಗು ಬದಲಾಯಿಸುವಾಗ ಚಕ್ರವನ್ನು ತಿರುಗಿಸುವವನೂ ಬೋಲ್ಟು ಬಿಚ್ಚುವವನೂ ಒಬ್ಬನೇ ಆಗಿರಲಿ. ಒಬ್ಬನು ತಿರುಗಿಸಿ ಇನ್ನೊಬ್ಬನು ಬೆರಳಿಟ್ಟರೆ ಕೈಯಿಂದ ಮೆಲ್ಲನೆ ತಿರುಗಿದ ಅಲಗೂ ಬೆರಳನ್ನು ಕತ್ತರಿಸುತ್ತದೆ. ಅಲಗು ಮೊಂಡಾಗಿದೆಯೆಂಬುದನ್ನು ಚಕ್ಕೆಯೇ ಹೇಳುತ್ತದೆ: ಹರಿತವಾದ ಅಲಗಿನಿಂದ ಅಂಚು ಸ್ಪಷ್ಟವಾದ, ಒಂದೇ ಅಳತೆಯ ಚಕ್ಕೆಗಳು ಬರುತ್ತವೆ, ಮೊಂಡಾದಾಗ ನಾರುನಾರಾಗಿ ಹರಿದ ಉದ್ದನೆಯ ಎಳೆಗಳು ಬಂದು ಕೊಳವೆ ಪದೇ ಪದೇ ಕಟ್ಟಿಕೊಳ್ಳುತ್ತದೆ. ಅಲಗನ್ನು ಮೊಂಡು ಮಾಡುವುದು ಮರಕ್ಕಿಂತ ಹೆಚ್ಚಾಗಿ ಮಣ್ಣು. ಕುಂಟೆಯಿಂದ ಗೋರಿದ ಕೊನೆಯ ಕಸವನ್ನು, ಬೇರಿನ ಬುಡವನ್ನು, ಹಳೆಯ ಬೇಲಿಯ ತಂತಿ ಮುಚ್ಚಿಹೋದ ಹಾಥಾರ್ನ್ ಕಾಂಡವನ್ನು ಯಂತ್ರಕ್ಕೆ ಕೊಡದೆ ಚೀಲದಲ್ಲಿ ತುಂಬುವುದು ಲಾಭ.

ಎಲ್ಲ ಗಿಡಗಳೂ ಯಂತ್ರಕ್ಕೆ ಸಮಾನವಲ್ಲ. ಐವಿ ಬಳ್ಳಿಯೂ ನಾರುಳ್ಳ ಎಲೆಗಳೂ ರೋಲರಿಗೆ ಸುತ್ತಿಕೊಳ್ಳುತ್ತವೆ. ಅವನ್ನು ಗಟ್ಟಿಯಾದ ಕೊಂಬೆಗಳ ನಡುನಡುವೆ ಕೊಡಬೇಕು. ಬೇಲಿಗೆ ಬೆಳೆಸುವ ಚೆರಿ ಲಾರೆಲ್ ಗಿಡದ ಎಲೆಯನ್ನು ಕತ್ತರಿಸಿದಾಗ ಬಾದಾಮಿಯ ವಾಸನೆಯೊಡನೆ ಹೊರಡುವುದು ಹೈಡ್ರೋಜನ್ ಸಯನೈಡ್. ಬಯಲಿನಲ್ಲಿ ಗಾಳಿಗೆ ಚದರಿಹೋಗುವ ಅದು, ಚಕ್ಕೆಯನ್ನು ಮುಚ್ಚಿದ ವ್ಯಾನಿನಲ್ಲಿ ತುಂಬಿ ಕಿಟಕಿ ಹಾಕಿಕೊಂಡು ಹೊರಟವರಿಗೆ ತಲೆಸುತ್ತು ತರಬಲ್ಲುದು. ಯೂ ಮರದ ಚಕ್ಕೆಯನ್ನು ಕುದುರೆ ದನಗಳು ಮೇಯುವ ಕಡೆ ಒಂದು ಹಿಡಿಯನ್ನೂ ಬಿಡಬಾರದು, ಅದು ಅವುಗಳಿಗೆ ಪ್ರಾಣಾಂತಿಕ ವಿಷ.

ಉಳಿದ ಚಕ್ಕೆಯಾದರೋ ಕಸವಲ್ಲ, ಸಂಪತ್ತು. ಮಲೆನಾಡಿನಲ್ಲಿ ಅಡಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪನ್ನೂ ತರಗೆಲೆಯನ್ನೂ ತಲೆಹೊರೆಯಲ್ಲಿ ತಂದು ಹೊದೆಸುವವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಐದರಿಂದ ಹತ್ತು ಸೆಂಟಿಮೀಟರ್ ದಪ್ಪಕ್ಕೆ ಗಿಡಮರಗಳ ಸುತ್ತ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟರೆ, ಕಳೆ ಅಡಗುತ್ತದೆ, ತೇವ ನಿಲ್ಲುತ್ತದೆ. ಹಸಿ ಚಕ್ಕೆಯನ್ನು ಮಣ್ಣಿನೊಳಗೆ ಅಗೆದು ಬೆರಸಬಾರದು; ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನು ಕೆಲಕಾಲ ಹಿಡಿದಿಟ್ಟುಕೊಂಡು ಎಳೆಗಿಡಗಳನ್ನು ಹಳದಿಗೊಳಿಸುತ್ತದೆ. ದೊಡ್ಡ ರಾಶಿ ಒಳಗೊಳಗೇ ಬಿಸಿಯೇರುವುದರಿಂದ ಅದನ್ನು ಮರದ ಬೇಲಿಗೋ ಶೆಡ್ಡಿಗೋ ಒತ್ತಿ ಸುರಿಯಬಾರದು; ವಾರಗಟ್ಟಲೆ ಬಿಟ್ಟ ರಾಶಿಯನ್ನು ಕೆದಕುವಾಗ ಏಳುವ ಬೂಷ್ಟಿನ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖವಾಡ ಬೇಕು. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುವ ಮುನ್ನ ಟ್ರ್ಯಾಕಿನ ಹಲ್ಲುಗಳ ಸಂದಿಯ ಮಣ್ಣನ್ನು ಕೆರೆದು ತೊಳೆಯುವುದು ಚೊಕ್ಕತನದ ಮಾತಷ್ಟೇ ಅಲ್ಲ. ಲಾರ್ಚ್ ಮರಗಳನ್ನು ಕೊಂದ ಫೈಟಾಫ್ತೊರದಂತಹ ರೋಗಾಣುಗಳು ಮಣ್ಣಿನೊಡನೆ ಪ್ರಯಾಣ ಮಾಡುತ್ತವೆ, ಗಾಲಿಗಿಂತ ಟ್ರ್ಯಾಕು ಹೆಚ್ಚು ಮಣ್ಣನ್ನು ಹೊತ್ತೊಯ್ಯುತ್ತದೆ.

ಮರಕ್ಕೆ ಗರಗಸ ತಾಗಿಸುವ ಮುನ್ನ ಕಾನೂನನ್ನು ವಿಚಾರಿಸುವುದು ಮನೆಯವರ ಹೊಣೆ. ಸಂರಕ್ಷಣಾ ಆದೇಶವಿರುವ ಮರಕ್ಕೆ ಸ್ಥಳೀಯ ಆಡಳಿತದ ಅನುಮತಿ ಬೇಕು. ಸಂರಕ್ಷಿತ ಬಡಾವಣೆಯಲ್ಲಾದರೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ 75 ಮಿಲಿಮೀಟರ್ ವ್ಯಾಸ ಮೀರಿದ ಮರಕ್ಕೆ ಆರು ವಾರ ಮುಂಚಿತವಾಗಿ ತಿಳಿವಳಿಕೆ ಕೊಡಬೇಕು. ಹಕ್ಕಿಗಳು ಮುಖ್ಯವಾಗಿ ಗೂಡು ಕಟ್ಟುವುದು ಮಾರ್ಚಿನಿಂದ ಆಗಸ್ಟಿನವರೆಗೆ; 1981ರ ವನ್ಯಜೀವಿ ಕಾಯಿದೆಯ ಮೇರೆಗೆ ಬಳಕೆಯಲ್ಲಿರುವ ಗೂಡನ್ನು ತಿಳಿದೂ ಕೆಡಿಸುವುದು ಅಪರಾಧ.

ಬೀದಿಬದಿಯ ಮರಕ್ಕೆ, ಅಗಲವಾದ ದಾರಿಯುಳ್ಳ ಅಂಗಳಕ್ಕೆ, ಟ್ರ್ಯಾಕಿನ ಯಂತ್ರ ಬೇಡ. ಗಾಲಿಯದೇ ಅಗ್ಗ, ಅದೇ ಬೇಗ. ಹಿತ್ತಿಲ ಕೆಲಸವುಳ್ಳವರು ಕೊಳ್ಳುವ ಮುಂಚೆ ನಾಲ್ಕಾರು ಬಾರಿ ಬಾಡಿಗೆಗೆ ತಂದು ನೋಡಿರಿ. ತರುವ ಹಿಂದಿನ ದಿನ ಟೇಪು ಹಿಡಿದು ದಾರಿಯನ್ನು ನಡೆಯಿರಿ: ಗೇಟಿನ ಅಗಲವನ್ನು ಅಗುಳಿ ಚಾಚಿಕೊಂಡಿರುವ ಎತ್ತರದಲ್ಲಿ ಅಳೆಯಿರಿ, ಗೋಡೆಯ ಕೊಳವೆ ಓಣಿಯನ್ನು ಕಿರಿದುಗೊಳಿಸುವಲ್ಲಿ ಅಳೆಯಿರಿ, ಮೆಟ್ಟಿಲಿದೆಯೇ, ಚರಂಡಿಯ ಮುಚ್ಚಳವಿದೆಯೇ, ತುದಿಯಲ್ಲಿ ಯಂತ್ರ ತಿರುಗಲು ಸ್ಥಳವಿದೆಯೇ ನೋಡಿರಿ. ಬಾಡಿಗೆಯ ಅಂಗಳದಲ್ಲಿ, ಯಂತ್ರವನ್ನು ಟ್ರೇಲರಿಗೆ ಹತ್ತಿಸುವ ಮುನ್ನ, ಅದರ ಬಾಯಿಯ ಕೆಳ ಅಂಚಿನಲ್ಲಿರುವ ಸುರಕ್ಷಾ ಪಟ್ಟಿಯನ್ನು ತೋರಿಸುವಂತೆ ಕೇಳಿರಿ. ಬಾಯಿ ಬರಿದಾಗಿದ್ದು ರೋಲರುಗಳು ತಿರುಗುತ್ತಿರುವಾಗ, ಪಕ್ಕದಲ್ಲಿ ನಿಂತು, ಒಂದು ಕೋಲಿನಿಂದ ಆ ಪಟ್ಟಿಯನ್ನು ಒತ್ತಿಸಿ ನೋಡಿರಿ. ರೋಲರುಗಳು ತತ್‌ಕ್ಷಣ ನಿಲ್ಲದಿದ್ದರೆ ಆ ಯಂತ್ರವನ್ನು ಅಲ್ಲೇ ಬಿಟ್ಟು ಬನ್ನಿರಿ.